ಬೆಳಿಗ್ಗೆ 6.1, ಸಂಜೆ 3.7: ಒಬ್ಬರದೇ ರಕ್ತ, ಎರಡು ಟಿಎಸ್‌ಎಚ್ ವರದಿ. ಯಾವುದನ್ನು ನಂಬಬೇಕು?

ತೋಟದಮನೆ (ತೀರ್ಥಹಳ್ಳಿ ಕಡೆ)
ಎಲ್ಲರಿಗೂ ನಮಸ್ಕಾರ. ಹದಿನೈದು ದಿನದಿಂದ ತಲೆ ಕೊರೆಯುತ್ತಿರುವ ವಿಷಯ. ತಿಳಿದವರು ದಯವಿಟ್ಟು ಹೇಳಿ.

ಮನೆಯವಳಿಗೆ ಎರಡು ತಿಂಗಳಿಂದ ವಿಪರೀತ ಸುಸ್ತು. ಕೂತಲ್ಲೇ ಕಣ್ಣು ಎಳೆಯುತ್ತದೆ, ಹಾಸಿಗೆಗೆ ಹೋದರೆ ನಿದ್ದೆ ಇಲ್ಲ. ಡಾಕ್ಟರು ಥೈರಾಯ್ಡ್ ಒಮ್ಮೆ ನೋಡೋಣ ಎಂದು ಟಿಎಸ್‌ಎಚ್ (ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್) ಪರೀಕ್ಷೆ ಬರೆದುಕೊಟ್ಟರು. ಆಗ ನಮ್ಮಲ್ಲಿ ಅಡಿಕೆ ಸುಲಿತ ಜೋರಾಗಿತ್ತು. ಹಿಂದಿನ ರಾತ್ರಿ ಕೆಲಸದವರಲ್ಲಿ ಇಬ್ಬರು ಬಂದಿರಲಿಲ್ಲ. ಜಗುಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವಳು ಏಳುವಾಗ ಎರಡೂವರೆ. ಹಸಿ ಅಡಿಕೆಯ ಕರೆ ಹಿಡಿದು ಬೆರಳ ತುದಿಗಳೆಲ್ಲ ಕಪ್ಪಾಗಿದ್ದವು. ರಕ್ತ ತೆಗೆಯುವ ಹುಡುಗಿ ಕೈ ನೋಡಿ ಗಾಬರಿಯಾಗಿ ಏನಾಯಿತು ಎಂದು ಕೇಳಿದ್ದಳು.

ಬೆಳಿಗ್ಗೆ ಏಳೂವರೆಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆವು. ಬಂದದ್ದು 6.1. ವರದಿಯಲ್ಲಿ ಮೇಲಿನ ಮಿತಿ 4.5 ಎಂದು ಮುದ್ರಿಸಿದ್ದರು. ಹನ್ನೆರಡು ದಿನ ಬಿಟ್ಟು ಮದುವೆ ಜವಳಿಗೆಂದು ಶಿವಮೊಗ್ಗಕ್ಕೆ ಹೋದಾಗ ಇನ್ನೊಂದು ಕಡೆ ಮತ್ತೆ ಕೊಡಿಸಿದೆ. ಊಟ ಮುಗಿಸಿ, ಸಂಜೆ ನಾಲ್ಕಕ್ಕೆ. ಈ ಸಲ 3.7! ನಡುವೆ ಒಂದು ಮಾತ್ರೆಯನ್ನೂ ತೆಗೆದುಕೊಂಡಿಲ್ಲ.

ಇಬ್ಬರಲ್ಲಿ ಒಬ್ಬರು ತಪ್ಪಿರಲೇಬೇಕಲ್ಲವೇ? ಮೈದುನ ಮಾತ್ರೆ ಶುರು ಮಾಡಿ ಎನ್ನುತ್ತಾನೆ. ಅಮ್ಮ ಎರಡೂ ಚೀಟಿಯನ್ನು ಒಲೆಗೆ ಹಾಕು ಎನ್ನುತ್ತಾರೆ.

ಗಾಜನೂರು ಗಾಳಿ
ಇಷ್ಟು ಅಂತರ ಎಂದರೆ ಒಂದು ಕಡೆ ಖಂಡಿತ ಎಡವಟ್ಟು. ನನ್ನ ತಂಗಿಗೂ ಹೀಗೇ ಆಗಿತ್ತು, ದುಡ್ಡು ದಂಡ. ಯಂತ್ರ ಸರಿ ಇದೆಯೋ ಇಲ್ಲವೋ ಎಂದು ಕೇಳುವವರೇ ಇಲ್ಲ. ಮೂರನೇ ಕಡೆ ಕೊಡಿಸಿ, ಯಾವುದಕ್ಕೆ ಹತ್ತಿರ ಬರುತ್ತದೋ ಅದನ್ನು ನಂಬಿ.

ಪ್ರಯೋಗಾಲಯದ ತಂಗಿ, ಭದ್ರಾವತಿ
ಗಾಜನೂರು ಅಣ್ಣ, ಒಂದು ನಿಮಿಷ. ಹನ್ನೊಂದು ವರ್ಷದಿಂದ ರಕ್ತ ಪರೀಕ್ಷೆಯ ಕೆಲಸದಲ್ಲೇ ಇದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ: ಎರಡೂ ವರದಿ ಸರಿಯಿರುವ ಸಾಧ್ಯತೆಯೇ ಹೆಚ್ಚು.

ಟಿಎಸ್‌ಎಚ್ ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ರಾತ್ರಿ ಏರುತ್ತಾ ಹೋಗಿ ನಡುರಾತ್ರಿ ಕಳೆದ ಮೇಲೆ, ಸುಮಾರು ಎರಡರಿಂದ ನಾಲ್ಕರೊಳಗೆ, ತುದಿ ಮುಟ್ಟುತ್ತದೆ. ಬೆಳಗಿನಿಂದ ಇಳಿಯುತ್ತಾ ಮಧ್ಯಾಹ್ನದ ನಂತರ ತಳ ಸೇರುತ್ತದೆ. ತೋಟದಮನೆ ಅಣ್ಣ, ನೀವು ಒಂದು ಸಲ ಇಳಿಜಾರಿನ ಮೇಲ್ತುದಿಯಲ್ಲಿ, ಇನ್ನೊಂದು ಸಲ ತಳದಲ್ಲಿ ಅಳೆಸಿದ್ದೀರಿ. ಖಾಲಿ ಹೊಟ್ಟೆಯಲ್ಲಿ ಅಂಕಿ ಹೆಚ್ಚು, ಊಟದ ನಂತರ ಕಡಿಮೆ. ಅದೂ ಸೇರಿಕೊಂಡಿದೆ.

ಇನ್ನೊಂದು ಮುಖ್ಯ ಮಾತು. ನಿದ್ದೆ ಟಿಎಸ್‌ಎಚ್ ಏರಿಕೆಯನ್ನು ತಡೆಯುತ್ತದೆ. ಮಲಗದೆ ಕಳೆದ ರಾತ್ರಿಯಲ್ಲಿ ಅದು ಮಾಮೂಲಿಗಿಂತ ಹೆಚ್ಚು ಏರುತ್ತದೆ. ಅಕ್ಕ ಎರಡೂವರೆಯವರೆಗೆ ಸುಲಿದು, ಅರೆಬರೆ ಮಲಗಿ, ಏಳೂವರೆಗೆ ಕೈ ಚಾಚಿದ್ದಾರೆ. ಆ ರಾತ್ರಿಯೂ ನಿಮ್ಮ 6.1ರಲ್ಲಿ ಸೇರಿದೆ.

ಕೂದಲಿಗೆಂದು ಬಯೋಟಿನ್ ಇರುವ ಮಾತ್ರೆ ಏನಾದರೂ ತಿನ್ನುತ್ತಿದ್ದಾರೆಯೇ? ಕೆಲವು ಯಂತ್ರಗಳಲ್ಲಿ ಬಯೋಟಿನ್ ಟಿಎಸ್‌ಎಚ್ ಅಂಕಿಯನ್ನು ಸುಳ್ಳಾಗಿ ಇಳಿಸುತ್ತದೆ.

ತೋಟದಮನೆ
ಇಲ್ಲ ತಂಗಿ, ಕೊಬ್ಬರಿ ಎಣ್ಣೆ ಬಿಟ್ಟರೆ ಬೇರೇನೂ ಇಲ್ಲ. ನೀವು ಹೇಳಿದ್ದನ್ನು ಅವಳಿಗೆ ಓದಿ ಹೇಳಿದೆ. "ಎಷ್ಟು ಗಂಟೆಗೆ ಮಲಗಿದೆ ಎಂದು ಅಲ್ಲಿ ಯಾರೂ ಕೇಳಲೇ ಇಲ್ಲವಲ್ಲ" ಎಂದಳು. ನನಗೂ ಹೇಳಬೇಕೆಂದು ತೋಚಲಿಲ್ಲ.

ಗಾಜನೂರು ಗಾಳಿ
ಇದು ನನಗೆ ಗೊತ್ತಿರಲಿಲ್ಲ. ಆದರೂ ಕೇಳುತ್ತೇನೆ: ಹೀಗೆ ಗಂಟೆಗೊಂದು ಅಂಕಿ ಬರುವುದಾದರೆ ವರದಿಯ ಮೇಲೆ ಅದನ್ನು ದೊಡ್ಡದಾಗಿ ಬರೆಯಬಾರದೇಕೆ? ಬಡವರು ಎರಡೆರಡು ಸಲ ದುಡ್ಡು ಸುರಿಯುವುದು ತಪ್ಪುತ್ತದೆ.

ಪ್ರಯೋಗಾಲಯದ ತಂಗಿ, ಭದ್ರಾವತಿ
ರಕ್ತ ತೆಗೆದ ಸಮಯ ವರದಿಯ ಮೂಲೆಯಲ್ಲಿ ಇರುತ್ತದೆ. ಓದುವವರು ಕಡಿಮೆ. ನಿಮ್ಮ ಮಾತನ್ನು ನಾನು ಒಪ್ಪುತ್ತೇನೆ. ಹಾರ್ಮೋನಿನ ಅಂಕಿಯ ಪಕ್ಕದಲ್ಲಿ ಗಂಟೆ ಇಲ್ಲದಿದ್ದರೆ ಆ ಅಂಕಿ ಅರ್ಧ ಮಾತ್ರ.

ಜೋಗದ ಜಡಿಮಳೆ
ಅಲ್ಲ, ರಾತ್ರಿಯಾಗಿದೆ ಎಂದು ಥೈರಾಯ್ಡಿಗೆ ಹೇಗೆ ಗೊತ್ತಾಗುತ್ತದೆ? ಅದು ಇರುವುದು ಕುತ್ತಿಗೆಯಲ್ಲಿ, ಕಣ್ಣಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ
ಜೋಗದವರು ಕೇಳಿದ್ದು ಸರಿಯಾದ ಪ್ರಶ್ನೆ. ಮೂವತ್ತೊಂದು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿದವನು ನಾನು. ಈ ಪಾಠವನ್ನು ಅರ್ಧ ಪುಟದಲ್ಲಿ ಮುಗಿಸಬೇಕಾಗಿತ್ತಲ್ಲ ಎಂಬ ಕೊರಗು ಇನ್ನೂ ಇದೆ. ಆದ್ದರಿಂದ ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಎರಡು ಕಣ್ಣುಗಳ ನರಗಳು ಮೆದುಳಿನ ತಳದಲ್ಲಿ ಒಂದನ್ನೊಂದು ಹಾಯುವ ಜಾಗವಿದೆ. ಅದರ ಮೇಲುಗಡೆಗೇ, ಹೈಪೋಥಲಮಸ್ ಎಂಬ ಮೆದುಳಿನ ಭಾಗದ ಒಳಗೆ, ಎಡಕ್ಕೊಂದು ಬಲಕ್ಕೊಂದು ನರಕೋಶಗಳ ಗುಂಪು. ಸೂಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ಎಂದು ಹೆಸರು. ನಾವು ಇಲ್ಲಿ ತಾಯಿಗಡಿಯಾರ ಎಂದು ಕರೆಯೋಣ. ಎರಡೂ ಸೇರಿ ಸುಮಾರು 20,000 ನರಕೋಶ, ಗಾತ್ರದಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕದು. 1972ರಲ್ಲಿ ಇಲಿಗಳಲ್ಲಿ ಈ ಜಾಗವನ್ನು ನಾಶಮಾಡಿ ನೋಡಿದರು. ಇಲಿ ಬದುಕಿತು. ಆದರೆ ಅದರ ಅಡ್ರಿನಲ್ ಗ್ರಂಥಿಯ ಹಾರ್ಮೋನಿನ ಹಗಲು-ರಾತ್ರಿ ಏರಿಳಿತವೇ ಇಲ್ಲವಾಯಿತು. ನೀರು ಕುಡಿಯುವುದಕ್ಕೆ, ಓಡಾಡುವುದಕ್ಕೆ ಹೊತ್ತುಗೊತ್ತು ಉಳಿಯಲಿಲ್ಲ.

ಈ ಗಡಿಯಾರಕ್ಕೆ ಹೊತ್ತು ತಿಳಿಸುವುದು ಕಣ್ಣು. ಆದರೆ ನೋಡುವುದಕ್ಕೆ ಬಳಕೆಯಾಗುವ ಕೋಶಗಳು ಮಾತ್ರವಲ್ಲ. ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವಿರುವ ಬೇರೆಯೇ ಕೆಲವು ನರಕೋಶಗಳಿವೆ. ನೀಲಿ ಬೆಳಕಿಗೆ, ಸುಮಾರು 480 ನ್ಯಾನೊಮೀಟರ್ ಆಸುಪಾಸಿನದಕ್ಕೆ, ಅವು ಬಲು ಚುರುಕು. ಬೆಳಕು ಬಿದ್ದಾಗ ಅವುಗಳ ತಂತುಗಳು ತಾಯಿಗಡಿಯಾರದ ಮೇಲೆ ಗ್ಲುಟಮೇಟ್ ಸುರಿಸುತ್ತವೆ. ಹಗಲು ಎಂಬ ಸುದ್ದಿ ತಲುಪುವುದು ಆ ರಾಸಾಯನಿಕದ ರೂಪದಲ್ಲಿ. ಒಳಗಿನ ಕೋಶಗಳು ಗಾಬಾ, ವಾಸೊಪ್ರೆಸಿನ್, ವಿಐಪಿ ಮೊದಲಾದ ರಾಸಾಯನಿಕಗಳಲ್ಲಿ ಪರಸ್ಪರ ಮಾತಾಡಿಕೊಂಡು ಒಂದೇ ತಾಳಕ್ಕೆ ಬರುತ್ತವೆ. ವಿಐಪಿ ಇಲ್ಲದಿದ್ದರೆ ಒಂದೊಂದು ಕೋಶ ಒಂದೊಂದು ತಾಳ ಹಿಡಿಯುತ್ತದೆ.

ಅಲ್ಲಿಂದ ಪಕ್ಕದ ಹೈಪೋಥಲಮಸ್ ಕೋಶಗಳಿಗೆ ಅಪ್ಪಣೆ. ಅವು ಟಿಆರ್‌ಎಚ್ ಎಂಬ ಹಾರ್ಮೋನ್ ಸುರಿಸಿದರೆ ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಟಿಎಸ್‌ಎಚ್ ಬಿಡುತ್ತದೆ, ಟಿಎಸ್‌ಎಚ್ ಹೋಗಿ ಥೈರಾಯ್ಡನ್ನು ಎಬ್ಬಿಸುತ್ತದೆ. ಡೋಪಮಿನ್ ಮತ್ತು ಸೊಮಾಟೊಸ್ಟಾಟಿನ್ ಅದಕ್ಕೆ ಲಗಾಮು. ಅಡ್ರಿನಲ್ ಬಿಡುವ ಕಾರ್ಟಿಸೋಲ್ ಹಾರ್ಮೋನಿನ ಸಾಲು ಬೇರೆ: ಹೈಪೋಥಲಮಸ್‌ನ ಸಿಆರ್‌ಎಚ್, ಪಿಟ್ಯುಟರಿಯ ಎಸಿಟಿಎಚ್, ಕೊನೆಗೆ ಮೂತ್ರಪಿಂಡದ ತಲೆಯ ಮೇಲೆ ಕುಳಿತ ಅಡ್ರಿನಲ್. ಕಾರ್ಟಿಸೋಲ್ ನಡುರಾತ್ರಿಯ ಆಸುಪಾಸಿನಲ್ಲಿ ಅತಿ ಕಡಿಮೆ, ಬೆಳಗಿನ ಜಾವದಿಂದ ಏರಿ ಏಳುವ ಹೊತ್ತಿಗೆ ತುದಿಗೆ. ಎದ್ದ ಮೇಲೂ ಅರ್ಧ ಮುಕ್ಕಾಲು ಗಂಟೆ ಇನ್ನೊಂದು ಜಿಗಿತ. ಹಾಗಾಗಿಯೇ ಕಾರ್ಟಿಸೋಲ್ ಪರೀಕ್ಷೆಗೆ ಬೆಳಿಗ್ಗೆ ಎಂಟು ಗಂಟೆಗೇ ಬನ್ನಿ ಎಂದು ಕರೆಯುವುದು.

ಜೋಗದ ಜಡಿಮಳೆ
ಮೇಷ್ಟ್ರೇ, ಪೂರ್ತಿ ಎರಡು ಸಲ ಓದಿದೆ. ಅಂದರೆ ಕುರುಡರಿಗೆ ಈ ಗಡಿಯಾರ ಕೆಲಸ ಮಾಡುವುದಿಲ್ಲವೇ?

ನಿವೃತ್ತ ಮೇಷ್ಟ್ರು, ಸಾಗರ
ಕೆಲಸ ಮಾಡುತ್ತದೆ, ಆದರೆ ಹೊಂದಿಸಿಕೊಳ್ಳಲು ಬೆಳಕು ಸಿಗುವುದಿಲ್ಲ. ಮನುಷ್ಯರ ಒಳಗಡಿಯಾರದ ಸುತ್ತು ಸರಾಸರಿ 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ನಾವು ದಿನಾ ಬೆಳಕು ನೋಡಿ ಸರಿಮಾಡಿಕೊಳ್ಳುತ್ತೇವೆ. ಬೆಳಕೇ ಒಳಹೋಗದ ಹಲವರಲ್ಲಿ ದಿನದಿಂದ ದಿನಕ್ಕೆ ನಿದ್ದೆಯ ಹೊತ್ತು ಸರಿಯುತ್ತಾ, ಕೆಲವು ವಾರ ಹಗಲು ನಿದ್ದೆ, ಮತ್ತೆ ಕೆಲವು ವಾರ ರಾತ್ರಿ ನಿದ್ದೆ ಎಂದಾಗುತ್ತದೆ. ಕಣ್ಣು ಕಾಣದಿದ್ದರೂ ಮೆಲನಾಪ್ಸಿನ್ ಕೋಶಗಳು ಉಳಿದಿರುವವರಿಗೆ ಈ ತೊಂದರೆ ಇರುವುದಿಲ್ಲ.

ಸೊರಬ ಸೀಮೆ
ಆದರೆ ಆ ಕೋಶಕ್ಕೆ 24 ಗಂಟೆ ಎಣಿಸಲು ಬರುವುದಾದರೂ ಹೇಗೆ? 2017ರ ನೊಬೆಲ್ ಇದಕ್ಕೇ ಬಂದದ್ದು ಎಂದು ನೆನಪು. ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಷ್, ಮೈಕೆಲ್ ಯಂಗ್ ಹಣ್ಣಿನ ನೊಣದಲ್ಲಿ ಕಂಡುಕೊಂಡದ್ದು. ನನಗೆ ಅರ್ಥವಾದದ್ದು ಹೀಗೆ, ತಪ್ಪಿದ್ದರೆ ಮೇಷ್ಟ್ರು ತಿದ್ದಲಿ.

ನಮ್ಮ ಅಜ್ಜನ ಗದ್ದೆಯ ಅಂಚಿನಲ್ಲಿ ಹಂದಿ ಓಡಿಸಲು ಹಳ್ಳದ ನೀರಿಗೆ ಬಿದಿರಿನ ಅಂಡೆಯೊಂದನ್ನು ಕಟ್ಟಿದ್ದರು. ನೀರು ತುಂಬುತ್ತಾ ತುಂಬುತ್ತಾ ಅಂಡೆ ಭಾರವಾಗಿ ಬಗ್ಗುತ್ತದೆ, ನೀರೆಲ್ಲ ಚೆಲ್ಲುತ್ತದೆ, ಹಗುರವಾಗಿ ಮೇಲೆದ್ದು ಹಿಂದಿನ ಕಲ್ಲಿಗೆ ಟಣ್ ಎಂದು ಬಡಿಯುತ್ತದೆ. ಮತ್ತೆ ತುಂಬಲು ಶುರು. ರಾತ್ರಿಯಿಡೀ ಅಷ್ಟಷ್ಟೇ ಹೊತ್ತಿಗೆ ಟಣ್. ಕೋಶದಲ್ಲೂ ಒಂದು ಜೀನ್ ಪ್ರೋಟೀನ್ ಮಾಡಿಸುತ್ತದೆ. ಆ ಪ್ರೋಟೀನ್ ಸಾಕಷ್ಟು ತುಂಬಿದ ಮೇಲೆ ಕೋಶಕೇಂದ್ರಕ್ಕೆ ಹೋಗಿ ತನ್ನನ್ನು ಹುಟ್ಟಿಸಿದ ಜೀನನ್ನೇ ಮುಚ್ಚುತ್ತದೆ. ಇರುವ ಪ್ರೋಟೀನ್ ನಿಧಾನವಾಗಿ ಕರಗಿ ಹೋದಾಗ ಜೀನ್ ಮತ್ತೆ ತೆರೆಯುತ್ತದೆ. ಈ ಒಂದು ಸುತ್ತಿಗೆ ಹೆಚ್ಚುಕಡಿಮೆ 24 ಗಂಟೆ.

ನಿವೃತ್ತ ಮೇಷ್ಟ್ರು, ಸಾಗರ
ತಿದ್ದುವುದು ಏನೂ ಇಲ್ಲ. ಬಿದಿರಿನ ಅಂಡೆ ನನ್ನ ತರಗತಿಗೆ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು. ಆ ಜೀನಿನ ಹೆಸರು ಪೀರಿಯಡ್, ಅದರ ಸುಳಿವು ಕೊಟ್ಟದ್ದು 1971ರಲ್ಲಿ ಕೊನೋಪ್ಕ ಮತ್ತು ಬೆಂಜರ್. ಒಂದು ಮಾತು ಸೇರಿಸುತ್ತೇನೆ: ಈ ಅಂಡೆ ಮೆದುಳಿನಲ್ಲಿ ಮಾತ್ರವಲ್ಲ, ಯಕೃತ್ತು, ಅಡ್ರಿನಲ್, ಚರ್ಮ ಎಲ್ಲ ಕಡೆಯೂ ಇದೆ. ತಾಯಿಗಡಿಯಾರದ ಕೆಲಸ ಅವೆಲ್ಲವನ್ನೂ ಒಂದೇ ಹೊತ್ತಿಗೆ ಕಟ್ಟಿಹಾಕುವುದು.

ಆಗುಂಬೆ ಮಂಜು
ಇದೇ ವಿಷಯಕ್ಕೆ ಸೇರಿದ್ದು: ನಮ್ಮ ಅಂಗಳದ ತುಂಬ ಇರುವ ಮುಟ್ಟಿದರೆ ಮುನಿ ಗಿಡವನ್ನು ಮುಟ್ಟದಿದ್ದರೂ ಸಂಜೆಯಾದರೆ ಎಲೆ ಮಡಚುತ್ತದೆ. ಅದಕ್ಕೂ ಗಡಿಯಾರವೇ?

ನಿವೃತ್ತ ಮೇಷ್ಟ್ರು, ಸಾಗರ
ಈ ಶಾಸ್ತ್ರ ಶುರುವಾದದ್ದೇ ಅಂಥ ಗಿಡದಿಂದ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ಖಗೋಳಶಾಸ್ತ್ರಜ್ಞರು ಮುಟ್ಟಿದರೆ ಮುನಿಯಂತೆ ಎಲೆ ಮಡಚುವ ಗಿಡವನ್ನು ಕತ್ತಲಲ್ಲಿಟ್ಟು ನೋಡಿದರು. ಬಿಸಿಲು ಕಾಣದಿದ್ದರೂ ಬೆಳಿಗ್ಗೆ ಎಲೆ ಬಿಚ್ಚಿತು, ಸಂಜೆ ಮಡಚಿತು. ಗಿಡಕ್ಕೆ ನಮ್ಮಂತೆ ಮೆದುಳಿಲ್ಲ, ಅದರ ಜೀನುಗಳೂ ಬೇರೆ, ಆದರೆ ಉಪಾಯ ಒಂದೇ. ನಮ್ಮ ದೇಶದಲ್ಲಿ ಎಂ. ಕೆ. ಚಂದ್ರಶೇಖರನ್ ಅವರು ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಗುಹೆಯ ಬಾವಲಿಗಳ ಮೇಲೆ ವರ್ಷಗಟ್ಟಲೆ ಈ ಕೆಲಸ ಮಾಡಿದರು. ಆಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ಬಂದಿದ್ದರು. ಇಂಥವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕು.

ದಿನಚರಿ, ಶೃಂಗೇರಿ
ಇಷ್ಟೆಲ್ಲ ಪ್ರಯೋಗ ಮಾಡಿ ಅವರು ಈಗ ಕಂಡುಕೊಂಡದ್ದನ್ನು ನಮ್ಮ ಹಿರಿಯರು ಬ್ರಾಹ್ಮೀ ಮುಹೂರ್ತದಲ್ಲಿ ಏಳು ಎಂದು ಒಂದೇ ಮಾತಿನಲ್ಲಿ ಹೇಳಿದ್ದರು. ಮೆದುಳಿನ ನಡುವಿನ ಪೀನಿಯಲ್ ಗ್ರಂಥಿಯೇ ಮೂರನೇ ಕಣ್ಣು. ಯೋಗಿಗಳಿಗೆ ಇದು ಮೊದಲೇ ತಿಳಿದಿತ್ತು.

ರಾತ್ರಿ ಪಾಳಿ, ಶಿವಮೊಗ್ಗ
ರಾಯರೇ, ಬೇಗ ಏಳುವುದು ಒಳ್ಳೆಯದೇ. ಆದರೆ ಬೇಗ ಏಳಲು ಬೇಗ ಮಲಗಬೇಕು. ಹಿರಿಯರು ಎಂಟೂವರೆಗೆ ದೀಪ ಆರಿಸುತ್ತಿದ್ದರು. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದವರನ್ನು ನಾನು ವಾರ್ಡಿನಲ್ಲಿ ಬಹಳ ನೋಡಿದ್ದೇನೆ.

ನಿವೃತ್ತ ಮೇಷ್ಟ್ರು, ಸಾಗರ
ದಿನಚರಿಯವರೇ, ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು, ಏಳು ಎಂಬ ಆಯುರ್ವೇದದ ದಿನಚರಿಯ ಬಗ್ಗೆ ನನಗೆ ಗೌರವವಿದೆ. ಆ ಗಮನಿಸುವಿಕೆ ದೊಡ್ಡದು. ಆದರೆ ಗಮನಿಸಿದ್ದು ಬೇರೆ, ಒಳಗಿನ ಯಂತ್ರವನ್ನು ಬಿಚ್ಚಿ ತೋರಿಸಿದ್ದು ಬೇರೆ. ಎರಡನ್ನೂ ಒಂದೇ ಎನ್ನುವುದು ಇಬ್ಬರಿಗೂ ಅನ್ಯಾಯ.

ಮೂರನೇ ಕಣ್ಣನ್ನು ನೋಡಬೇಕಾದರೆ ಬೇಲಿಯ ಮೇಲಿನ ಓತಿಕ್ಯಾತವನ್ನು ನೋಡಿ. ಅದರ ನೆತ್ತಿಯ ಮೇಲೆ ಒಂದು ಚುಕ್ಕೆಯಿದೆ, ಅದು ನಿಜಕ್ಕೂ ಬೆಳಕನ್ನು ಗ್ರಹಿಸುತ್ತದೆ. ನಮ್ಮ ಪೀನಿಯಲ್‌ಗೆ ಆ ಶಕ್ತಿ ಇಲ್ಲ, ಅದು ತಲೆಬುರುಡೆಯೊಳಗೆ ಕತ್ತಲಲ್ಲಿದೆ. ಸುದ್ದಿ ಬರುವುದು ಸುತ್ತುಬಳಸಿನ ದಾರಿಯಲ್ಲಿ: ಕಣ್ಣಿನಿಂದ ತಾಯಿಗಡಿಯಾರಕ್ಕೆ, ಅಲ್ಲಿಂದ ಬೆನ್ನುಹುರಿಗೆ ಇಳಿದು, ಕುತ್ತಿಗೆಯ ನರಗಂಟಿಗೆ ಬಂದು, ಮತ್ತೆ ಮೇಲೆ ತಲೆಗೆ ಹತ್ತಿ ಪೀನಿಯಲ್‌ಗೆ. ಹಗಲಲ್ಲಿ ತಾಯಿಗಡಿಯಾರ ಗಾಬಾ ಸುರಿಸಿ ಈ ದಾರಿಯ ಬಾಗಿಲನ್ನು ಹಾಕಿರುತ್ತದೆ. ಕತ್ತಲಾದ ಮೇಲೆ ಬಾಗಿಲು ತೆರೆದು ದಾರಿಯ ಕೊನೆಯ ನರತುದಿ ನಾರ್‌ಅಡ್ರಿನಾಲಿನ್ ಬಿಡುತ್ತದೆ. ಆಗ ಪೀನಿಯಲ್‌ನಲ್ಲಿ ಒಂದು ಕಿಣ್ವ ಎಚ್ಚೆತ್ತು, ಹಗಲೆಲ್ಲ ಕೂಡಿಟ್ಟಿದ್ದ ಸೆರೊಟೋನಿನ್ ಎರಡು ಹೆಜ್ಜೆಯಲ್ಲಿ ಮೆಲಟೋನಿನ್ ಎಂಬ ರಾತ್ರಿಯ ಹಾರ್ಮೋನ್ ಆಗುತ್ತದೆ. ನಡುರಾತ್ರಿ ಜೋರಾದ ದೀಪ ಹಾಕಿದರೆ ನಿಮಿಷಗಳಲ್ಲಿ ಆ ಕಿಣ್ವ ಸೋಲುತ್ತದೆ. ಮೆಲಟೋನಿನನ್ನು ಮೊದಲು ಬೇರ್ಪಡಿಸಿದ್ದು 1958ರಲ್ಲಿ, ಏರನ್ ಲರ್ನರ್, ದನಗಳ ಪೀನಿಯಲ್ ಗ್ರಂಥಿಗಳಿಂದ.

ದಿನಚರಿ, ಶೃಂಗೇರಿ
ಓತಿಕ್ಯಾತದ ವಿಷಯ ಗೊತ್ತಿರಲಿಲ್ಲ, ನಾಳೆಯೇ ನೋಡುತ್ತೇನೆ. ಮೂರನೇ ಕಣ್ಣಿನ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ. ಬ್ರಾಹ್ಮೀ ಮುಹೂರ್ತದ ಮಾತನ್ನು ತೆಗೆದುಕೊಳ್ಳುವುದಿಲ್ಲ.

ತೋಟದಮನೆ
ಮೇಷ್ಟ್ರೇ, ಜೋರಾದ ದೀಪ ಎಂದಿರಲ್ಲ. ಎರಡು ವರ್ಷದ ಹಿಂದೆ ಸುಲಿಯುವವರ ಕೈಗೆ ಗಾಯವಾಗಬಾರದೆಂದು ಜಗುಲಿಗೆ ನಾನೇ ಎರಡು ದೊಡ್ಡ ಬಿಳಿ ಎಲ್‌ಇಡಿ ಹಾಕಿಸಿದ್ದೆ. ಅದಕ್ಕೆ ಮೊದಲು ಹಳದಿ ಬಲ್ಬು ಇತ್ತು. ಅವಳ ನಿದ್ದೆಯ ತೊಂದರೆ ಹೆಚ್ಚಾದದ್ದೂ ಆಮೇಲೆಯೇ. ಎಲ್ಲರಿಗೂ ಒಳ್ಳೆಯದಾಗಲಿ ಎಂದು ಮಾಡಿದ್ದು, ಈಗ ಮನಸ್ಸಿಗೆ ಬಹಳ ಬೇಸರವಾಗುತ್ತಿದೆ.

ಹೊಸನಗರದ ಸೊಸೆ
ಅಣ್ಣ, ಬೇಸರ ಮಾಡಿಕೊಳ್ಳಬೇಡಿ. ಕತ್ತಿ ಕಾಣದಿದ್ದರೆ ಬೆರಳು ಹೋಗುತ್ತದೆ, ಬೆಳಕು ಬೇಕೇ ಬೇಕು. ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದೇವೆ: ದೀಪವನ್ನು ಮುಖದ ಮಟ್ಟದಿಂದ ತೆಗೆದು ಬೆನ್ನ ಹಿಂದಿನಿಂದ ಕತ್ತಿಯ ಮೇಲೆ ಬೀಳುವಂತೆ ಕೆಳಗೆ ಇಳಿಸಿ ಕಟ್ಟಿದ್ದೇವೆ, ಬಿಳಿಯ ಬದಲು ಹಳದಿ ಬಣ್ಣದ್ದು. ಹತ್ತೂವರೆಗೆ ಕೆಲಸ ನಿಲ್ಲಿಸುತ್ತೇವೆ, ಉಳಿದದ್ದು ಬೆಳಿಗ್ಗೆ ಐದೂವರೆಗೆ. ಮೊದಲು ಮಾವನವರು ಒಪ್ಪಲಿಲ್ಲ. ಲೆಕ್ಕ ಹಾಕಿ ನೋಡಿದರೆ ಸುಲಿದ ಅಡಿಕೆ ಏನೂ ಕಡಿಮೆಯಾಗಿರಲಿಲ್ಲ.

ನಾನು ಬಾಣಂತಿಯಾಗಿದ್ದಾಗಲೂ ಸುಲಿತದ ಕಾಲ. ಮಗುವಿಗೆ ರಾತ್ರಿ ಹಾಲು ತಪ್ಪಿಸಬೇಡ, ತಪ್ಪಿಸಿದರೆ ಬತ್ತುತ್ತದೆ ಎಂದು ಅಜ್ಜಿ ಹೇಳುತ್ತಿದ್ದರು. ಅದಕ್ಕೂ ಇದೇ ಕಾರಣ ಇರಬಹುದೇ ಮೇಷ್ಟ್ರೇ?

ರಾತ್ರಿ ಪಾಳಿ, ಶಿವಮೊಗ್ಗ
ಇದಕ್ಕೆ ನಾನು ಹೇಳುತ್ತೇನೆ, ಬಾಣಂತಿ ವಾರ್ಡಿನಲ್ಲಿ ಆರು ವರ್ಷ ಇದ್ದವಳು. ಅಜ್ಜಿ ಹೇಳಿದ್ದು ನಿಜ. ಹಾಲು ಉತ್ಪತ್ತಿ ಮಾಡಿಸುವ ಪ್ರೊಲ್ಯಾಕ್ಟಿನ್ ರಾತ್ರಿ ನಿದ್ದೆಯಲ್ಲಿ ಹೆಚ್ಚಿರುತ್ತದೆ. ಹೈಪೋಥಲಮಸ್‌ನಿಂದ ಬರುವ ಡೋಪಮಿನ್ ಅದನ್ನು ಸದಾ ಅದುಮಿ ಹಿಡಿದಿರುತ್ತದೆ. ಮಗು ಚೀಪಿದಾಗ ಆ ಹಿಡಿತ ಸಡಿಲವಾಗುತ್ತದೆ. ರಾತ್ರಿ ಚೀಪಿದರೆ ಲಾಭ ಇನ್ನೂ ಹೆಚ್ಚು.

ಇನ್ನು ನಮ್ಮ ಪಾಳಿಯ ಕಷ್ಟ. ಒಂದು ವಾರ ರಾತ್ರಿ, ಮುಂದಿನ ವಾರ ಹಗಲು. ಬೆಳಿಗ್ಗೆ ಎಂಟಕ್ಕೆ ಬಿಸಿಲಲ್ಲಿ ಮನೆಗೆ ಹೋಗಿ ಮಲಗಿದರೆ ಹನ್ನೊಂದಕ್ಕೆ ಎಚ್ಚರ. ಆ ಹೊತ್ತಿಗೆ ಕಾರ್ಟಿಸೋಲ್ ಮೇಲೆ, ಮೆಲಟೋನಿನ್ ತಳದಲ್ಲಿ, ದೇಹಕ್ಕೆ ಅದು ಹಗಲೇ. ವಾರದ ಕೊನೆಗೆ ಸ್ವಲ್ಪ ಹೊಂದಿಕೊಳ್ಳುವಷ್ಟರಲ್ಲಿ ಪಾಳಿ ಬದಲು. ರಾತ್ರಿ ಪಾಳಿಯ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2007ರಲ್ಲೇ ಕ್ಯಾನ್ಸರ್ ತರುವ ಸಂಭವವಿರುವ ಪಟ್ಟಿಗೆ ಸೇರಿಸಿದೆ, 2019ರಲ್ಲಿ ಮತ್ತೆ ಅದನ್ನೇ ಹೇಳಿದೆ. ಆದರೂ ಪಾಳಿ ಪಟ್ಟಿ ಬರೆಯುವವರಿಗೆ ಇದು ಲೆಕ್ಕಕ್ಕೇ ಬರುವುದಿಲ್ಲ. ನಾವು ಮೂವರು ಹೋಗಿ ಎರಡು ಸಲ ಕೇಳಿಕೊಂಡೆವು, ಏನೂ ಬದಲಾಗಲಿಲ್ಲ.

ಗಾಜನೂರು ಗಾಳಿ
ಅಕ್ಕ, ಇದನ್ನು ನೀವು ಬರವಣಿಗೆಯಲ್ಲಿ ಕೊಡಬೇಕು. ಬಾಯಿಮಾತು ಯಾರೂ ಕೇಳುವುದಿಲ್ಲ.

ಮೇಳದವನು
ನಾನು ಯಕ್ಷಗಾನ ಮೇಳದಲ್ಲಿ ಇಪ್ಪತ್ತೆರಡು ವರ್ಷ ಕುಣಿದವನು. ನವೆಂಬರಿನಿಂದ ಮೇ ತನಕ ರಾತ್ರಿಯೇ ನಮಗೆ ಹಗಲು. ಮೊದಲ ಮಳೆ ಬಿದ್ದು ಮೇಳ ಬಿಟ್ಟು ಮನೆಗೆ ಬಂದರೆ ಎರಡು ವಾರ ನಿದ್ದೆ ಹತ್ತುವುದಿಲ್ಲ. ಮನೆಯವರೆಲ್ಲ ಮಲಗಿರುತ್ತಾರೆ, ನಾನೊಬ್ಬ ಹೆಂಚಿನ ಮೇಲೆ ಬೀಳುವ ಮಳೆ ಕೇಳುತ್ತಾ ಕೂತಿರುತ್ತಿದ್ದೆ. ಮೂರು ಗಂಟೆಗೆ ಹಸಿವು, ಎರಡನೇ ವೇಷ ಕಟ್ಟುವ ಹೊತ್ತಿನ ಚುರುಕು. ಮನಸ್ಸಿನ ಚಟ ಎಂದುಕೊಂಡಿದ್ದೆ. ಇದು ರಕ್ತದಲ್ಲೇ ಇದ್ದದ್ದು ಎಂದು ಇವತ್ತು ತಿಳಿಯಿತು. ಈಗ ಕಾಲಮಿತಿಯ ಆಟ ಬಂದ ಮೇಲೆ ಹುಡುಗರಿಗೆ ಸ್ವಲ್ಪ ಸುಖ.

ಆಗುಂಬೆ ಮಂಜು
ಮೇಳದವರೇ, ಎರಡು ವಾರ ಹಿಡಿದದ್ದಕ್ಕೆ ಮಳೆಯೂ ಕಾರಣ ಇರಬಹುದು. ಪುನರ್ವಸು ಪುಷ್ಯ ಮಳೆಯಲ್ಲಿ ನಮ್ಮ ಮನೆಯೊಳಗೆ ಹಗಲೂ ದೀಪ ಬೇಕು. ಹಗಲು ಎಂದು ಮೆದುಳಿಗೆ ಗೊತ್ತಾಗುವುದಾದರೂ ಹೇಗೆ?

ನಿವೃತ್ತ ಮೇಷ್ಟ್ರು, ಸಾಗರ
ಒಳ್ಳೆಯ ಗಮನ. ನಮ್ಮ ಅಕ್ಷಾಂಶದಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಯುರೋಪಿನವರಂತೆ ಚಳಿಗಾಲದ ಕತ್ತಲು ನಮಗಿಲ್ಲ. ನಮಗಿರುವುದು ಮಳೆಗಾಲದ ಮಬ್ಬು. ಆದರೆ ಮೋಡ ಕವಿದ ಹಗಲಲ್ಲೂ ಅಂಗಳದಲ್ಲಿ ಸಾವಿರಾರು ಲಕ್ಸ್ (ಬೆಳಕಿನ ಅಳತೆ) ಬೆಳಕಿರುತ್ತದೆ, ದೀಪ ಹಾಕಿದ ನಡುಮನೆಯಲ್ಲಿ ನೂರು ಇನ್ನೂರು ಇದ್ದರೆ ಹೆಚ್ಚು. ಕೊಡೆ ಹಿಡಿದಾದರೂ ಬೆಳಿಗ್ಗೆ ಅರ್ಧ ಗಂಟೆ ತೋಟಕ್ಕೆ ಹೋಗಿ ಬನ್ನಿ.

ಕೊಪ್ಪದ ಕಾಫಿ
ಎಲ್ಲರೂ ದೀಪದ ಮೇಲೆಯೇ ಹೇಳುತ್ತಿದ್ದೀರಿ. ಸುಲಿಯುವಾಗ ರಾತ್ರಿ ಒಂಬತ್ತಕ್ಕೆ ಒಂದು ಸುತ್ತು, ಹನ್ನೊಂದಕ್ಕೆ ಇನ್ನೊಂದು ಸುತ್ತು ಕಾಫಿ ಕೊಡುತ್ತೀರಲ್ಲ, ಅದನ್ನೂ ಹೇಳಿ. ಎಚ್ಚರವಾಗಿದ್ದಷ್ಟು ಹೊತ್ತೂ ಮೆದುಳಿನಲ್ಲಿ ಅಡಿನೋಸಿನ್ ಕೂಡುತ್ತಾ ಹೋಗುತ್ತದೆ, ಅದೇ ತೂಕಡಿಕೆ. ಕೆಫೀನ್ ಹೋಗಿ ಅಡಿನೋಸಿನ್ ಕೂರುವ ಜಾಗದಲ್ಲಿ ಕೂರುತ್ತದೆ. ಕುಡಿದದ್ದರ ಅರ್ಧ ಇಳಿಯಲು ಐದು ಗಂಟೆ ಬೇಕು. ಕಾಫಿ ಬೆಳೆಯುವವನೇ ಹೇಳುತ್ತಿದ್ದೇನೆ: ಮಧ್ಯಾಹ್ನದ ಮೇಲೆ ಬೇಡ. ಸಂಜೆಗೆ ಜೀರಿಗೆ ಕಷಾಯ ಸಾಕು.

ಸೊರಬ ಸೀಮೆ
ಅಪ್ಪನಿಗೆ ಸಕ್ಕರೆ ಕಾಯಿಲೆ. ರಾತ್ರಿ ಬರೀ ಗಂಜಿ ಕುಡಿದು ಮಲಗಿದರೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ 160. ಕದ್ದು ಬೆಲ್ಲ ತಿಂದಿರಬೇಕು ಎಂದು ನಾವೆಲ್ಲ ಗದರುತ್ತಿದ್ದೆವು. ಡಾಕ್ಟರು ಆಮೇಲೆ ಹೇಳಿದರು: ರಾತ್ರಿ ಮೊದಲ ಗಾಢ ನಿದ್ದೆಯಲ್ಲಿ ಬೆಳವಣಿಗೆಯ ಹಾರ್ಮೋನ್ ಏರುತ್ತದೆ, ಜಾವದಲ್ಲಿ ಕಾರ್ಟಿಸೋಲ್. ಎರಡೂ ಸೇರಿ ಯಕೃತ್ತಿನಿಂದ ಸಕ್ಕರೆ ಹೊರಗೆ ಬರುವಂತೆ ಮಾಡುತ್ತವೆ, ಇನ್ಸುಲಿನ್ ಸಾಲದವರಲ್ಲಿ ಅಂಕಿ ಹಾರುತ್ತದೆ. ಸುಮ್ಮನೆ ಬೈದೆವಲ್ಲ ಎಂದು ನನಗೆ ಕಣ್ಣಲ್ಲಿ ನೀರು ಬಂತು.

ಜೋಗದ ಜಡಿಮಳೆ
ನಾನು ನಿದ್ದೆಗೆ ಮೆಲಟೋನಿನ್ ಮಾತ್ರೆ ತಿನ್ನುತ್ತೇನೆ. ತೋಟದಮನೆ ಅಕ್ಕನಿಗೂ ಒಂದು ಕೊಡಿ, ಎಲ್ಲ ಸರಿಹೋಗುತ್ತದೆ.

ರಾತ್ರಿ ಪಾಳಿ, ಶಿವಮೊಗ್ಗ
ದಯವಿಟ್ಟು ಹಾಗೆ ಹೇಳಬೇಡಿ. ಅದು ಬರೀ ನಿದ್ದೆ ಮಾತ್ರೆ ಅಲ್ಲ, ಗಡಿಯಾರದ ಮುಳ್ಳು ತಿರುಗಿಸುವ ಮಾತ್ರೆ. ಸಂಜೆ ತೆಗೆದುಕೊಂಡರೆ ಮುಳ್ಳು ಮುಂದಕ್ಕೆ, ಬೆಳಿಗ್ಗೆ ತೆಗೆದುಕೊಂಡರೆ ಹಿಂದಕ್ಕೆ. ಹೊತ್ತು ತಪ್ಪಿದರೆ ಕಷ್ಟ ಹೆಚ್ಚುತ್ತದೆ. ರಕ್ತದೊತ್ತಡಕ್ಕೆ ಕೊಡುವ ಅಟೆನೊಲಾಲ್, ಪ್ರೊಪ್ರನೊಲಾಲ್ ಥರದ ಮಾತ್ರೆಗಳೂ ಮೆಲಟೋನಿನನ್ನು ತಗ್ಗಿಸುತ್ತವೆ, ಮೇಷ್ಟ್ರು ಹೇಳಿದ ನಾರ್‌ಅಡ್ರಿನಾಲಿನ್ ದಾರಿಯನ್ನು ಅವು ತಡೆಯುವುದರಿಂದ. ಹಾಗೆಂದು ಯಾರೂ ಮಾತ್ರೆ ಬಿಡಬೇಡಿ. ಡಾಕ್ಟರ ಬಳಿ ಎಲ್ಲ ಚೀಟಿ ತೋರಿಸಿ ಕೇಳಿ. ಉಬ್ಬಸಕ್ಕೆ, ಗಂಟುನೋವಿಗೆ ಸ್ಟೀರಾಯ್ಡ್ ನುಂಗುವವರಿಗೂ ಅಷ್ಟೇ: ಬೆಳಿಗ್ಗೆ ತಿಂಡಿಯ ನಂತರ ಎಂದು ಬರೆದಿರುವುದು ದೇಹದ ಕಾರ್ಟಿಸೋಲ್ ಏರುವ ಹೊತ್ತಿಗೆ ಹೊಂದಲಿ ಎಂದು. ರಾತ್ರಿ ನುಂಗಿ ನಿದ್ದೆ ಬರುತ್ತಿಲ್ಲ ಎಂದು ಬರುವವರು ಎಷ್ಟು ಮಂದಿ!

ಆಗುಂಬೆ ಮಂಜು
ನಮ್ಮ ಹುಂಜ ಮಾತ್ರ ಯಾವ ದೀಪಕ್ಕೂ ಮೋಸ ಹೋಗುವುದಿಲ್ಲ, ಮಬ್ಬು ಮಳೆಯಲ್ಲೂ ಹೊತ್ತಿಗೆ ಸರಿಯಾಗಿ ಕೂಗುತ್ತದೆ.

ಸೊರಬ ಸೀಮೆ
ಅದನ್ನೂ ಪರೀಕ್ಷೆ ಮಾಡಿದ್ದಾರೆ. 2013ರಲ್ಲಿ ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು ಹುಂ‌ಜಗಳನ್ನು ಸದಾ ಮಂದ ಬೆಳಕಿನಲ್ಲಿಟ್ಟು ನೋಡಿದರು. ಬೆಳಗಾಗುವುದು ಕಾಣದಿದ್ದರೂ ಒಳಗಡಿಯಾರದ ಪ್ರಕಾರ ಕೂಗಿದವು.

ಪ್ರಯೋಗಾಲಯದ ತಂಗಿ, ಭದ್ರಾವತಿ
ಹುಂಜ ಅಲ್ಲಿರಲಿ, ತೋಟದಮನೆ ಅಣ್ಣನ ಪ್ರಶ್ನೆ ಹಾಗೆಯೇ ಉಳಿದಿದೆ. ನನ್ನ ಸಲಹೆ: ಸುಲಿತ ಮುಗಿಯಲಿ. ಎರಡು ಮೂರು ವಾರ ಅಕ್ಕ ಹತ್ತಕ್ಕೆ ಮಲಗಲಿ. ಆಮೇಲೆ ಮೊದಲಿನ ಪ್ರಯೋಗಾಲಯದಲ್ಲೇ, ಬೆಳಿಗ್ಗೆ ಅದೇ ಏಳೂವರೆಯಿಂದ ಎಂಟರೊಳಗೆ, ಖಾಲಿ ಹೊಟ್ಟೆಯಲ್ಲಿ ಕೊಡಿ. ಡಾಕ್ಟರು ಒಪ್ಪಿದರೆ ಫ್ರೀ ಟಿ4 (ಥೈರಾಯ್ಡ್ ಬಿಡುವ ಹಾರ್ಮೋನ್) ಮತ್ತು ಆ್ಯಂಟಿ ಟಿಪಿಒ (ಥೈರಾಯ್ಡಿನ ಮೇಲೇ ಎರಗುವ ಪ್ರತಿಕಾಯ) ಕೂಡ. ಮುಂದೆ ಎಂದಾದರೂ ಥೈರಾಯ್ಡ್ ಮಾತ್ರೆ ಶುರುವಾದರೆ, ಪರೀಕ್ಷೆಯ ದಿನ ರಕ್ತ ಕೊಟ್ಟ ಮೇಲೆಯೇ ಮಾತ್ರೆ.

ತೋಟದಮನೆ
ತಂಗಿ, ಹಾಗೆಯೇ ಮಾಡುತ್ತೇವೆ. ನಾಳೆ ಹೊಸನಗರದ ಅಕ್ಕ ಹೇಳಿದಂತೆ ದೀಪ ಇಳಿಸಿ ಕಟ್ಟಿಸುತ್ತೇನೆ. ಸುಲಿಯಲು ಬರುವ ಆರು ಹೆಂಗಸರಿಗೂ ಹತ್ತೂವರೆಗೆ ಸಾಕು ಎಂದು ಹೇಳಿದ್ದೇನೆ, ಕೂಲಿ ಕಡಿಮೆಯಾಗದಂತೆ ಬೆಳಗಿನ ಹೊತ್ತು ಸೇರಿಸುತ್ತೇನೆ.

ತೋಟದಮನೆ (ಇಪ್ಪತ್ತೇಳು ದಿನಗಳ ನಂತರ)
ಎಲ್ಲರಿಗೂ ತಿಳಿಸಬೇಕೆಂದು ಬಂದೆ. ಸುಲಿತ ಮುಗಿದು ಹದಿನೆಂಟು ದಿನ. ನಿನ್ನೆ ಬೆಳಿಗ್ಗೆ 7.40ಕ್ಕೆ ಅದೇ ಜಾಗದಲ್ಲಿ ರಕ್ತ ಕೊಟ್ಟೆವು. ಟಿಎಸ್‌ಎಚ್ 4.3. ಫ್ರೀ ಟಿ4 ಸರಿಯಿದೆ, ಆ್ಯಂಟಿ ಟಿಪಿಒ ಇಲ್ಲ. ಡಾಕ್ಟರಿಗೆ ಮೂರೂ ವರದಿ, ಪಕ್ಕದಲ್ಲಿ ಗಂಟೆ, ಹಿಂದಿನ ರಾತ್ರಿ ಮಲಗಿದ ಹೊತ್ತು ಬರೆದು ಕೊಟ್ಟೆ. ಅವರು ಚೀಟಿಯನ್ನು ಬಹಳ ಹೊತ್ತು ನೋಡಿ, ಈಗ ಮಾತ್ರೆ ಬೇಡ, ಮೂರು ತಿಂಗಳು ಬಿಟ್ಟು ಇದೇ ಹೊತ್ತಿಗೆ ಬನ್ನಿ ಎಂದರು. ಸುಸ್ತಿಗೆ ರಕ್ತಹೀನತೆಯೂ ಕಾರಣ ಎಂದು ತಿಳಿಯಿತು, ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ.

ಅವಳು ಈಗ ಒಂಬತ್ತೂವರೆಗೆ ಮಲಗುತ್ತಾಳೆ. ಬೆರಳಿನ ಕರೆ ಇನ್ನೂ ಪೂರ್ತಿ ಹೋಗಿಲ್ಲ.

ಪ್ರಯೋಗಾಲಯದ ತಂಗಿ, ಭದ್ರಾವತಿ
ಬಹಳ ಸಂತೋಷ ಅಣ್ಣ. ಕಬ್ಬಿಣದ ಮಾತ್ರೆ ನುಂಗಿದ ಹೊತ್ತಿನಲ್ಲಿ ಕಾಫಿ, ಚಹಾ ಬೇಡ, ಒಂದೆರಡು ಗಂಟೆ ಅಂತರ ಇರಲಿ.

ಗಾಜನೂರು ಗಾಳಿ
ತಂಗಿಯ ಹಳೆಯ ವರದಿಗಳನ್ನು ಹುಡುಕಿ ತೆಗೆದೆ. ಒಂದು ಬೆಳಿಗ್ಗೆ 8.10, ಇನ್ನೊಂದು ಸಂಜೆ 5.30. ಮೂಲೆಯಲ್ಲಿ ಬರೆದಿತ್ತು, ಇಷ್ಟು ವರ್ಷ ನಾನು ನೋಡಿರಲಿಲ್ಲ.